ಸಂಕ್ರಾಂತಿ ದಿನಾನೇ ಮಾಜಿ ಸೈನಿಕರ ದಿನ ಅಂತೆ, ಯಾಕೆ 14ಕ್ಕೇ ಇಟ್ಟರು?

ಕುಸುರೆಳ್ಳು, ಧಾರವಾಡ

ಎಲ್ಲರಿಗೂ ಸಂಕ್ರಾಂತಿ ಶುಭಾಶಯ. ಒಂದು ಪ್ರಶ್ನೆ ಇದೆ, ಗೊತ್ತಿದ್ದವರು ಹೇಳಿ.

ಇವತ್ತು ಬೆಳಗ್ಗೆ ಕುಸುರೆಳ್ಳು ಕೊಡೋಕೆ ನಮ್ಮ ಓಣಿಯ ಕೊನೆ ಮನೆಗೆ ಹೋಗಿದ್ದೆ. ಅಲ್ಲಿ ಸುಬೇದಾರ್ ಕಾಕಾ ಇದ್ದಾರೆ. 28 ವರ್ಷ ಮಿಲ್ಟ್ರಿಯಲ್ಲಿದ್ದು ಬಂದವರು. ದಿನಾ ಲುಂಗಿ ಬನಿಯನ್ ಹಾಕಿಕೊಂಡು ದಾಸವಾಳದ ಗಿಡಕ್ಕೆ ನೀರು ಹಾಕುವವರು ಇವತ್ತು ನೀಲಿ ಕೋಟು ಹಾಕಿ ಗೇಟಿನ ಹತ್ತಿರ ನಿಂತಿದ್ದರು. ಎದೆ ಮೇಲೆ ಸಾಲಾಗಿ ಮೆಡಲ್ಲು. ಒಂದರ ರಿಬ್ಬನ್ ಅಂಚು ಬಿಟ್ಟಿತ್ತು ಅನ್ಸುತ್ತೆ, ಕಾಕು ಅದನ್ನ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಹತ್ತಿರ ಹೋದಾಗ ಮಾತ್ರ ಕಾಣಿಸುತ್ತೆ.

"ಹಬ್ಬದ ದಿನ ಎಲ್ಲಿಗೆ ಹೊಂಟ್ರಿ ಕಾಕಾ?" ಅಂದೆ. "ಇವತ್ತು ನಮ್ಮ ದಿನ ಐತವಾ" ಅಂದರು. ನನಗೆ ಅರ್ಥ ಆಗಲಿಲ್ಲ. ಅಷ್ಟರಲ್ಲಿ ಗಾಡಿ ಬಂತು, ಕುಸುರೆಳ್ಳಿನ ಪೊಟ್ಟಣ ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

ಮನೆಗೆ ಬಂದು ಮೊಬೈಲಲ್ಲಿ ನೋಡಿದರೆ ಜನವರಿ 14 ಮಾಜಿ ಸೈನಿಕರ ದಿನ ಅಂತ ಇದೆ. ನನಗೆ 34 ವರ್ಷ, ಇಷ್ಟು ದಿನ ಇದು ಗೊತ್ತೇ ಇರಲಿಲ್ಲ ಅಂತ ತುಂಬಾ ಬೇಜಾರಾಯ್ತು. ಇದು ಯಾವಾಗ ಶುರುವಾಯ್ತು? ಯಾರ ನೆನಪಿಗೆ? ಹಬ್ಬದ ದಿನಾನೇ ಇಟ್ಟರೆ ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

ಉಣಕಲ್ ಕೆರೆ ದಂಡೆ

ಅಕ್ಕಾ ಅದು 15 ಅಲ್ವಾ? ಜನವರಿ 15ಕ್ಕೆ ದಿಲ್ಲಿಯಲ್ಲಿ ಪರೇಡ್ ಆಗುತ್ತಲ್ಲ.

ಮಾಜಿ ಹವಾಲ್ದಾರ್, ನವಲಗುಂದ

ತಮ್ಮಾ, 15 ಸೇನಾ ದಿನ. 14 ಮಾಜಿ ಸೈನಿಕರ ದಿನ. ಎರಡೂ ಬೇರೆ, ಆದರೆ ಎರಡೂ ಒಬ್ಬರೇ ಮನುಷ್ಯರಿಂದ ಬಂದಿದ್ದು. ಪರೇಡ್ ಕೂಡ ಈಗ ದಿಲ್ಲಿಯಲ್ಲೇ ಆಗೋದಿಲ್ಲ, 2023ರಲ್ಲಿ ಬೆಂಗಳೂರಿನಲ್ಲಿ ಆಯ್ತು.

1949ರ ಜನವರಿ 15ಕ್ಕೆ ಕೆ.ಎಂ. ಕಾರ್ಯಪ್ಪ ಅವರು ಜನರಲ್ ಫ್ರಾನ್ಸಿಸ್ ಬುಚರ್ ಅವರ ಕೈಯಿಂದ ಸೈನ್ಯದ ಜವಾಬ್ದಾರಿ ತಗೊಂಡರು. ಬುಚರ್ ಕೊನೆಯ ಬ್ರಿಟಿಷ್ ಮುಖ್ಯಸ್ಥ, ಕಾರ್ಯಪ್ಪ ಮೊದಲನೇ ಭಾರತೀಯ. ಅದಕ್ಕೆ ಆ ದಿನ ಸೇನಾ ದಿನ ಆಯ್ತು. ಸರಿಯಾಗಿ ನಾಲ್ಕು ವರ್ಷ ಮುಗಿಸಿ 1953ರ ಜನವರಿ 14ಕ್ಕೆ ಅವರು ನಿವೃತ್ತರಾದರು. ಆ ದಿನ ನಮ್ಮ ದಿನ. 2016ರಿಂದ ಮಾಡ್ತಾ ಇದ್ದಾರೆ, ಹಾಗಾಗಿ ನಿನಗೆ ಗೊತ್ತಿಲ್ಲದೇ ಇರೋದು ತಪ್ಪಲ್ಲ ತಂಗಿ.

ನನಗೆ ಈ ತಾರೀಖು ಯಾಕೆ ಇಷ್ಟ ಅಂದ್ರೆ, ಇದು ಯುದ್ಧ ಗೆದ್ದ ದಿನ ಅಲ್ಲ. ಒಬ್ಬ ಸೈನಿಕ ಸಮವಸ್ತ್ರ ಬಿಚ್ಚಿಟ್ಟ ದಿನ. ಅಷ್ಟು ದೊಡ್ಡ ಜನರಲ್ ಆಗಲಿ ನಮ್ಮಂಥ ಹವಾಲ್ದಾರ್ ಆಗಲಿ, ಆ ದಿನ ಎಲ್ಲರಿಗೂ ಒಂದೇ. ನಮ್ಮ ಪಲ್ಟನ್‌ನಲ್ಲಿ ರಿಟೈರ್ ಆದೆ ಅನ್ನೋದಿಲ್ಲ, ಪೆನ್ಶನ್ ಬಂದೆ ಅಂತೀವಿ. ನಾನು 2009ರಲ್ಲಿ ಪೆನ್ಶನ್ ಬಂದೆ.

ಗಾಂಧಿ ಚೌಕ ಗದಗ

ಕಾರ್ಯಪ್ಪ ಅವರು ನಮ್ಮ ಕೊಡಗಿನವರು ಅಲ್ವಾ. 1899ರ ಜನವರಿ 28ಕ್ಕೆ ಶನಿವಾರಸಂತೆಯಲ್ಲಿ ಹುಟ್ಟಿದ್ದು. ಅಂದ್ರೆ ಇಡೀ ದೇಶ ಆಚರಿಸುವ ಎರಡು ದಿನ ಒಬ್ಬ ಕರ್ನಾಟಕದವರಿಂದ ಬಂದಿವೆ. ನಮ್ಮ ಮಕ್ಕಳಿಗೆ ಇದನ್ನ ಯಾರೂ ಹೇಳಿಕೊಡೋದಿಲ್ಲ, ಸಿಟ್ಟು ಬರುತ್ತೆ.

ರಾಣೇಬೆನ್ನೂರಿನ ರೈತ

ಎಲ್ಲ ಸರಿ, ಆದರೆ ಅಕ್ಕ ಕೇಳಿದ್ದರಲ್ಲಿ ಅರ್ಥ ಇದೆ. ಸಂಕ್ರಾಂತಿ ದಿನ ನಮ್ಮ ಕಡೆ ಯಾರು ಮನೆಯಲ್ಲಿರುತ್ತಾರೆ? ಬೆಳಗ್ಗೆ ಮೈಗೆ ಎಳ್ಳು ಹಚ್ಚಿ ಸ್ನಾನ, ಆಮೇಲೆ ಬುತ್ತಿ ಕಟ್ಟಿಕೊಂಡು ಹೊಳೆಗೆ. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮಾದಲಿ. ತುಂಗಭದ್ರೆ ದಂಡೆಯಲ್ಲಿ ಇವತ್ತು ಕಾಲಿಡೋಕೆ ಜಾಗ ಇರಲಿಲ್ಲ. ಮಾಜಿ ಸೈನಿಕರ ಕಾರ್ಯಕ್ರಮಕ್ಕೆ ಯಾರು ಬರ್ತಾರೆ? ಅಧಿಕಾರಿಗಳು ಬರ್ತಾರೆ, ಶಾಲು ಹಾಕ್ತಾರೆ, ಹೋಗ್ತಾರೆ. ಜನ ಬರೋದಿಲ್ಲ. ದಿನ ಬದಲಾಯಿಸಬೇಕು. ಜುಲೈ 26ಕ್ಕೆ ಕಾರ್ಗಿಲ್ ದಿನ ಇದೆ, ಅದರ ಜೊತೆ ಸೇರಿಸಲಿ. ಶಾಲೆ ಕಾಲೇಜು ನಡೀತಾ ಇರುತ್ತೆ, ಮಕ್ಕಳೂ ಬರ್ತಾರೆ.

ಉಣಕಲ್ ಕೆರೆ ದಂಡೆ

ನನ್ನ ಮತ ರೈತಣ್ಣನಿಗೆ.

ಬೆಟಗೇರಿ ಇತಿಹಾಸ ಮೇಷ್ಟ್ರು

ದಿನ ಬದಲಾಯಿಸೋದನ್ನ ಅಮೆರಿಕದವರು ಮಾಡಿ ನೋಡಿದ್ದಾರೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಇಂಥ ದಿನಗಳಿಗೆಲ್ಲ ಮೂಲ ಮೊದಲನೇ ಮಹಾಯುದ್ಧ. 1918ರ ನವೆಂಬರ್ 11ರ ಬೆಳಗ್ಗೆ ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ಒಂದು ರೈಲು ಡಬ್ಬಿಯೊಳಗೆ ಕೂತು ಕದನ ವಿರಾಮಕ್ಕೆ ಸಹಿ ಹಾಕಿದರು. 11 ಗಂಟೆಗೆ ಗುಂಡಿನ ಸದ್ದು ನಿಂತಿತು. ಹನ್ನೊಂದನೇ ತಿಂಗಳು, ಹನ್ನೊಂದನೇ ದಿನ, ಹನ್ನೊಂದು ಗಂಟೆ. ಮರುವರ್ಷದಿಂದ ಬ್ರಿಟನ್ನಿನಲ್ಲಿ ಆ ಹೊತ್ತಿಗೆ ಎರಡು ನಿಮಿಷ ಮೌನ ಶುರುವಾಯ್ತು. ಅಮೆರಿಕದಲ್ಲೂ 1919ರಲ್ಲೇ ಅಧ್ಯಕ್ಷ ವಿಲ್ಸನ್ ಘೋಷಣೆ ಮಾಡಿದರು, 1938ರಲ್ಲಿ ಕಾನೂನು ಪ್ರಕಾರ ರಜೆ ಆಯ್ತು. ಆಗ ಅದರ ಹೆಸರು ಕದನ ವಿರಾಮದ ದಿನ.

ಆಮೇಲೆ ಎರಡನೇ ಮಹಾಯುದ್ಧ ಬಂತು. ಅದರಲ್ಲಿ ಹೋರಾಡಿ ಬಂದವರಿಗೆ ಯಾವ ದಿನ? ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನ ರೇಮಂಡ್ ವೀಕ್ಸ್ ಅನ್ನುವ ಮಾಜಿ ಸೈನಿಕ ಈ ಪ್ರಶ್ನೆ ಹಿಡಿದುಕೊಂಡು ಐಸೆನ್‌ಹೋವರ್ ಹತ್ತಿರ ಹೋದರು. ಆಗ ಐಸೆನ್‌ಹೋವರ್ ಇನ್ನೂ ಸೈನ್ಯದ ಮುಖ್ಯಸ್ಥ. 1947ರಲ್ಲಿ ವೀಕ್ಸ್ ತಮ್ಮ ಊರಲ್ಲಿ ಎಲ್ಲ ಯುದ್ಧಗಳ ಮಾಜಿ ಸೈನಿಕರಿಗೂ ಸೇರಿ ಮೆರವಣಿಗೆ ಮಾಡಿದರು. 1954ರಲ್ಲಿ ಅದೇ ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಕಾನೂನಿಗೆ ಸಹಿ ಹಾಕಿ ದಿನದ ಹೆಸರನ್ನೇ ವೆಟರನ್ಸ್ ಡೇ ಅಂತ ಬದಲಾಯಿಸಿದರು.

ಈಗ ರೈತಣ್ಣನ ಪ್ರಶ್ನೆಗೆ ಬರ್ತೀನಿ. 1968ರಲ್ಲಿ ಅಲ್ಲಿನ ಸರ್ಕಾರ ಕೆಲವು ರಜೆಗಳನ್ನ ಸೋಮವಾರಕ್ಕೆ ತಂದಿತು, ಜನಕ್ಕೆ ಶನಿವಾರದಿಂದ ಮೂರು ದಿನ ಸಿಗಲಿ ಅಂತ. ವೆಟರನ್ಸ್ ಡೇ 1971ರಿಂದ ಅಕ್ಟೋಬರ್ ನಾಲ್ಕನೇ ಸೋಮವಾರಕ್ಕೆ ಹೋಯ್ತು. ಜನ ಒಪ್ಪಲೇ ಇಲ್ಲ. ಎಷ್ಟೋ ರಾಜ್ಯಗಳು ನವೆಂಬರ್ 11ಕ್ಕೇ ಮಾಡ್ತಾ ಬಂದವು. ಕೊನೆಗೆ 1975ರಲ್ಲಿ ಕಾನೂನು ತಿದ್ದಿದರು, 1978ರಿಂದ ಮತ್ತೆ ನವೆಂಬರ್ 11. ತಾರೀಖಿಗೆ ಒಂದು ಕಥೆ ಇದ್ದರೆ ಅದನ್ನ ಕಿತ್ತು ಬೇರೆ ಕಡೆ ನೆಡೋಕೆ ಆಗೋದಿಲ್ಲ ಅಣ್ಣಾ.

ರಾಣೇಬೆನ್ನೂರಿನ ರೈತ

ಸರ್, ಅವರಿಗೆ ಆ ಕಥೆ ಮನೆ ಮನೆಗೂ ಗೊತ್ತಿತ್ತು, ಅದಕ್ಕೆ ಜಗಳ ಮಾಡಿದರು. ನಮ್ಮಲ್ಲಿ 14ರ ಕಥೆ ಎಷ್ಟು ಜನಕ್ಕೆ ಗೊತ್ತು? ಇಲ್ಲೇ ನೋಡಿ, ಹವಾಲ್ದಾರ್ ಸಾಹೇಬರು ಹೇಳೋವರೆಗೂ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬೆಟಗೇರಿ ಇತಿಹಾಸ ಮೇಷ್ಟ್ರು

ಈ ಮಾತು ಒಪ್ಪಿದೆ.

ಹಾನಗಲ್ ಹುಡುಗಿ

ಮೂಲ ಮಹಾಯುದ್ಧ ಅಂತ ಹೇಳಿಬಿಟ್ಟಿರಲ್ಲ ಸರ್, ನಮ್ಮ ವೀರಗಲ್ಲು ಎಲ್ಲಿ ಹೋದವು? ಹಾವೇರಿ, ಗದಗ, ಧಾರವಾಡ ಜಿಲ್ಲೆಗಳಲ್ಲಿ ವೀರಗಲ್ಲು ಇಲ್ಲದ ಊರು ಹುಡುಕೋದು ಕಷ್ಟ. ನಮ್ಮ ತಾರಕೇಶ್ವರ ಗುಡಿ ಆವರಣದಲ್ಲಿ ದೊಡ್ಡದೊಂದು ಇದೆ, ಬಂದು ನೋಡಿ. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಕೆಳಗಿನ ಸಾಲಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನ ಕರೆದುಕೊಂಡು ಹೋಗೋದು, ಮೇಲೆ ಲಿಂಗ, ಸೂರ್ಯ, ಚಂದ್ರ. "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ" ಅಂತ ಎಷ್ಟೋ ಕಲ್ಲಲ್ಲಿ ಕೆತ್ತಿದ್ದಾರೆ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆ.

ಬರೀ ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತಾರೆ. ಅಂದಿನ ಪೆನ್ಶನ್ ಅದು.

ಮಾಜಿ ಹವಾಲ್ದಾರ್, ನವಲಗುಂದ

ನೆತ್ತರುಗೊಡಗೆ ಅನ್ನೋ ಮಾತು ನಾನು ಇವತ್ತೇ ಕೇಳಿದ್ದು. ಒಳ್ಳೇ ಮಾತು ತಂಗಿ.

ಆದರೆ ಒಂದು ತಿದ್ದುಪಡಿ. ವೀರಗಲ್ಲು ಸತ್ತವರಿಗೆ. ಮಾಜಿ ಸೈನಿಕರ ದಿನ ಬದುಕಿ ಬಂದವರಿಗೆ. ಇವೆರಡನ್ನ ಜನ ಯಾವಾಗಲೂ ಕಲಸಿಬಿಡ್ತಾರೆ. ಹೋದ ವರ್ಷ ಇದೇ ದಿನ ನನಗೆ ಒಬ್ಬರು ಹುತಾತ್ಮರಿಗೆ ನಮನ ಅಂತ ಮೆಸೇಜ್ ಕಳಿಸಿದರು. ಅವರ ಮನಸ್ಸು ಒಳ್ಳೇದೇ. ಆದರೆ ನಾನು ಇನ್ನೂ ಇದ್ದೀನಿ.

ಬೆಟಗೇರಿ ಇತಿಹಾಸ ಮೇಷ್ಟ್ರು

ಹವಾಲ್ದಾರ್ ಸಾಹೇಬರು ಹೇಳಿದ್ದು ನಿಜ. ಅಮೆರಿಕದಲ್ಲೂ ಹೀಗೇ ಎರಡು ಬೇರೆ ದಿನ ಇವೆ. ಮೇ ಕೊನೆಯ ಸೋಮವಾರ ಸತ್ತವರಿಗೆ, ನವೆಂಬರ್ 11 ಸೇವೆ ಮಾಡಿ ಬಂದ ಎಲ್ಲರಿಗೆ. ಅಲ್ಲೂ ಜನ ಕಲಸುತ್ತಾರಂತೆ. ನಮ್ಮಲ್ಲಿ ಜುಲೈ 26ಕ್ಕೆ ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಹೂ ಇಡ್ತೀವಲ್ಲ, ಅದು ಬೇರೆ ಲೆಕ್ಕ. ಅದಕ್ಕೇ ರೈತಣ್ಣ ಹೇಳಿದ ಹಾಗೆ ಕಾರ್ಗಿಲ್ ದಿನದ ಜೊತೆ ಸೇರಿಸೋದು ನನಗೆ ಸರಿ ಕಾಣೋದಿಲ್ಲ.

ಕುಂದಗೋಳದಿಂದ

ಸತ್ತವರ ಮಾತು ಬಂದಿದ್ದಕ್ಕೆ ಹೇಳ್ತೀನಿ. ಇದು ಶುರುವಾದ 2016ರಲ್ಲೇ, ಒಂದು ತಿಂಗಳು ಆಗೋದರೊಳಗೆ, ನಮ್ಮ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿಕೊಂಡರು. ಫೆಬ್ರವರಿ 3. ಹತ್ತು ಜನ ಇದ್ದರು. ಆರು ದಿನ ಆದಮೇಲೆ ಇವರೊಬ್ಬರು ಜೀವಂತ ಸಿಕ್ಕಿದರು ಅಂದಾಗ ನಮ್ಮೂರಲ್ಲಿ ಜನ ಕುಣಿದುಬಿಟ್ಟರು. ಗುಡಿ, ದರ್ಗಾ, ಎಲ್ಲ ಕಡೆ ಪ್ರಾರ್ಥನೆ. 11ಕ್ಕೆ ಹೋದರು. ಆವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ, ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲ.

ಅವರು ಬದುಕಿ ಬಂದಿದ್ದರೆ ಇವತ್ತಿನ ಕಾರ್ಯಕ್ರಮಕ್ಕೆ ಕರೆಸುತ್ತಿದ್ದರು ಅಲ್ವಾ ಅಂತ ಪ್ರತಿ ಸಂಕ್ರಾಂತಿಗೆ ಅನ್ಸುತ್ತೆ.

ಉಣಕಲ್ ಕೆರೆ ದಂಡೆ

🙏🙏

ಬ್ಯಾಡಗಿ ಮಾರ್ಕೆಟ್

ನಾವು ಶಾಲೆಯಲ್ಲಿದ್ದಾಗ ಡಿಸೆಂಬರ್ 7ಕ್ಕೆ ಧ್ವಜ ದಿನ ಅಂತ ಸಣ್ಣ ಕಾಗದದ ಬಾವುಟ ಮಾರ್ತಿದ್ದೆವು. ಕೆಂಪು, ಕಡು ನೀಲಿ, ತಿಳಿ ನೀಲಿ, ಮೂರು ಬಣ್ಣ. ಗುಂಡುಸೂಜಿ ಚುಚ್ಚಿ ಅಂಗಿಗೆ ಹಾಕೋದು. ಮೆಣಸಿನಕಾಯಿ ಸೀಜನ್ ಶುರು, ದಲಾಲಿ ಅಂಗಡಿಗಳಲ್ಲಿ ಸಾಲಾಗಿ ಹೋಗಿ ಕೇಳ್ತಿದ್ದೆವು, ಘಾಟಿಗೆ ಸೀನುತ್ತಾ ಸೀನುತ್ತಾ. ಅದು ಈ ದಿನಕ್ಕಿಂತ ಹಳೇದಾ?

ಬೆಟಗೇರಿ ಇತಿಹಾಸ ಮೇಷ್ಟ್ರು

ತುಂಬಾ ಹಳೇದು. ಬಲದೇವ್ ಸಿಂಗ್ ರಕ್ಷಣಾ ಮಂತ್ರಿ ಆಗಿದ್ದಾಗ 1949ರ ಆಗಸ್ಟ್ 28ಕ್ಕೆ ಒಂದು ಸಮಿತಿ ತೀರ್ಮಾನ ಮಾಡಿತು, ಆ ವರ್ಷದಿಂದಲೇ ಡಿಸೆಂಬರ್ 7. ಮೂರು ಬಣ್ಣ ಭೂಸೇನೆ, ನೌಕಾಸೇನೆ, ವಾಯುಸೇನೆಗೆ. ಆ ದುಡ್ಡು ಹುತಾತ್ಮರ ಮನೆಯವರಿಗೆ, ಗಾಯಗೊಂಡವರಿಗೆ, ಮಾಜಿ ಸೈನಿಕರಿಗೆ ಹೋಗುತ್ತೆ. ನೀವು ಸೀನುತ್ತಾ ಕೂಡಿಸಿದ ದುಡ್ಡು ಎಲ್ಲೋ ಯಾರಿಗೋ ಮುಟ್ಟಿದೆ.

ವಿದ್ಯಾನಗರ ಹುಬ್ಬಳ್ಳಿ

ನಾನು ಖಾರವಾಗಿ ಹೇಳ್ತೀನಿ, ಬೇಜಾರಾಗಬೇಡಿ. 2015ರ ಜೂನ್‌ನಿಂದ ಮಾಜಿ ಸೈನಿಕರು ಒಂದು ಹುದ್ದೆ ಒಂದು ಪಿಂಚಣಿಗಾಗಿ, ಅಂದ್ರೆ ಯಾವ ವರ್ಷ ನಿವೃತ್ತರಾದರೂ ಅದೇ ಹುದ್ದೆ, ಅಷ್ಟೇ ಸೇವೆಗೆ ಒಂದೇ ಪಿಂಚಣಿ ಬೇಕು ಅಂತ, ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂತಿದ್ದರು. ಮೆಡಲ್ಲು ಹಾಕಿಕೊಂಡ ಮುದುಕರು ಬಿಸಿಲಲ್ಲಿ. ನವೆಂಬರ್ 7ಕ್ಕೆ ಆದೇಶ ಬಂತು, ಅದರಲ್ಲೂ ಎಲ್ಲ ಬೇಡಿಕೆ ಈಡೇರಲಿಲ್ಲ ಅಂತ ಅವರು ಧರಣಿ ಮುಂದುವರಿಸಿದರು. ಅದಾದ ಎರಡು ತಿಂಗಳಿಗೆ ಈ ದಿನ ಶುರು. ನನಗೆ ಇದರಲ್ಲಿ ಸಂಬಂಧ ಕಾಣುತ್ತೆ. ದಿನ ಕೊಡೋದು ಸುಲಭ, ಕೆಲಸ ಮಾಡಿಕೊಡೋದು ಕಷ್ಟ.

ನಮ್ಮ ಅಪ್ಪನೂ ಮಾಜಿ ಸೈನಿಕರು, 78 ವರ್ಷ. ಪ್ರತಿ ನವೆಂಬರ್‌ನಲ್ಲಿ ನಾನು ಬದುಕಿದ್ದೀನಿ ಅಂತ ಸರ್ಟಿಫಿಕೇಟ್ ಕೊಡಬೇಕು. ಬಂದಮೇಲೆ ಪೂರ್ತಿ ಹೊಲದ ಕೆಲಸ ಮಾಡಿದವರು, ಬೆರಳಿನ ಗೆರೆ ಸವೆದು ಹೋಗಿದೆ. ಒಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಹದಿನಾಲ್ಕು ಸಲ ಒತ್ತಿಸಿದರು, ಹಿಡಿಯಲಿಲ್ಲ. ಕೌಂಟರ್‌ನಲ್ಲಿದ್ದವರು "ನಾಳೆ ಬನ್ನಿ ಅಜ್ಜಾ" ಅಂದರು. ಮರುದಿನವೂ ಅದೇ ಕಥೆ. ಅಪ್ಪ ಒಂದು ಮಾತೂ ಆಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ತಮ್ಮ ಹೆಬ್ಬೆಟ್ಟು ನೋಡಿಕೊಳ್ತಾ ಇದ್ದರು. ನನಗೆ ಅದು ಮರೆಯೋಕೆ ಆಗ್ತಾ ಇಲ್ಲ.

ಹಾನಗಲ್ ಹುಡುಗಿ

ಅಣ್ಣಾ, ಹೆಬ್ಬೆಟ್ಟು ಬೇಕಾಗಿಲ್ಲ ಈಗ. ಜೀವನ್ ಪ್ರಮಾಣ್, ಅಂದ್ರೆ ಆ ಬದುಕಿರೋ ಸರ್ಟಿಫಿಕೇಟ್, ಮೊಬೈಲ್‌ನಲ್ಲೇ ಮಾಡಬಹುದು, ಮುಖ ತೋರಿಸಿದರೆ ಸಾಕು. 2021ರ ನವೆಂಬರ್‌ನಿಂದ ಇದೆ. ಆಧಾರ್ ನಂಬರ್ ಮತ್ತು ಪಿಂಚಣಿ ವಿವರ ಹತ್ತಿರ ಇಟ್ಟುಕೊಳ್ಳಿ. ಬೆಳಕಿರೋ ಕಡೆ ಕೂರಿಸಿ ಮಾಡಿ. ಕಣ್ಣು ಮಿಟುಕಿಸೋಕೆ ಹೇಳುತ್ತೆ, ಅಷ್ಟೇ. ನಮ್ಮ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತೆ, ನಾನೇ ಮಾಡಿಕೊಡ್ತೀನಿ. ತೊಂದರೆ ಆದರೆ ಇಲ್ಲೇ ಕೇಳಿ.

ವಿದ್ಯಾನಗರ ಹುಬ್ಬಳ್ಳಿ

ತುಂಬಾ ಉಪಕಾರ ಆಯ್ತು ತಂಗಿ. ಇದನ್ನ ನಮಗೆ ಅಲ್ಲಿ ಯಾರೂ ಹೇಳಲಿಲ್ಲ.

ಮಾಜಿ ಹವಾಲ್ದಾರ್, ನವಲಗುಂದ

ಅಪ್ಪನವರಿಗೆ ನನ್ನ ಜೈಹಿಂದ್ ಹೇಳಿ. ನಿಮ್ಮ ಸಿಟ್ಟು ನನಗೂ ಅರ್ಥ ಆಗುತ್ತೆ. ಆದರೆ ಕಾರ್ಯಪ್ಪ ಅವರ ಹೆಸರಲ್ಲಿ ಈ ದಿನ ಇಟ್ಟಿದ್ದು ಸರಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ನಿವೃತ್ತರಾದ ಮೇಲೆ ಅವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋದರು, ಬಂದಮೇಲೆ 1964ರಲ್ಲಿ ಮಾಜಿ ಸೈನಿಕರ ಸಂಘ ಕಟ್ಟಿದರು, ಇಂಡಿಯನ್ ಎಕ್ಸ್ ಸರ್ವೀಸಸ್ ಲೀಗ್. ಮರುವರ್ಷ 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆ ಪೈಲಟ್, ಪಾಕಿಸ್ತಾನದವರಿಗೆ ಸೆರೆ ಸಿಕ್ಕರು. ಆಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯೋಕೆ ಮುಂಚೆ ಕಾರ್ಯಪ್ಪ ಅವರ ಕೈಕೆಳಗೆ ಇದ್ದವರು. ಮಗನನ್ನ ಬಿಡ್ತೀನಿ ಅಂತ ಹೇಳಿ ಕಳಿಸಿದರಂತೆ. ಇವರು ಬೇಡ ಅಂದರು. ಸೆರೆಯಲ್ಲಿರೋ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಅಂದರು. ಟ್ರೇನಿಂಗ್‌ನಲ್ಲಿ ನಮಗೆ ಇದನ್ನ ಹೇಳ್ತಿದ್ದರು, ಬ್ಯಾರಕ್‌ನಲ್ಲಿ ಒಬ್ಬರೂ ಉಸಿರು ಬಿಡ್ತಿರಲಿಲ್ಲ.

ಗಾಂಧಿ ಚೌಕ ಗದಗ

ಮೊದಲನೇ ಮಹಾಯುದ್ಧದಲ್ಲಿ ನಮ್ಮವರೂ ಇದ್ದರಲ್ಲ ಮೇಷ್ಟ್ರೇ. ಮೈಸೂರಿನ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಈಗ ಇಸ್ರೇಲಿನಲ್ಲಿರೋ ಹೈಫಾ ಊರನ್ನ ಕುದುರೆ ಮೇಲೆ ಹೋಗಿ ಗೆದ್ದಿದ್ದು.

ಬೆಟಗೇರಿ ಇತಿಹಾಸ ಮೇಷ್ಟ್ರು

ಹೌದು, 1918ರ ಸೆಪ್ಟೆಂಬರ್ 23, ಜೋಧಪುರದವರ ಜೊತೆ. ಆದರೆ ನಮ್ಮ ಭಾಗ ಆಗ ಮೈಸೂರಿಗೆ ಸೇರಿರಲಿಲ್ಲ, ಮುಂಬೈ ಪ್ರಾಂತದಲ್ಲಿತ್ತು. ಈ ಕಡೆ ಹುಡುಗರು ಜಾಸ್ತಿ ಹೋಗಿದ್ದು ಮರಾಠಾ ಪಲ್ಟನ್‌ಗಳಿಗೆ. ಈಗಲೂ ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ ಕನ್ನಡ ಮಾತಾಡೋ ಹುಡುಗರು ಕಡಿಮೆ ಇಲ್ಲ. ಆ ಯುದ್ಧಕ್ಕೆ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು, 74 ಸಾವಿರದ ಹತ್ತಿರ ಜನ ವಾಪಸ್ ಬರಲಿಲ್ಲ. ಬಂದವರಿಗೆ ಆಗ ಯಾವ ದಿನವೂ ಇರಲಿಲ್ಲ.

ರಾಣೇಬೆನ್ನೂರಿನ ರೈತ

ಸರಿ, ದಿನ ಬದಲಾಯಿಸೋ ಮಾತು ವಾಪಸ್ ತಗೋತೀನಿ. ಆದರೆ ಜನ ಸೇರಬೇಕು ಅನ್ನೋದನ್ನ ಬಿಡೋದಿಲ್ಲ. ಈಗ ನಮ್ಮ ಕಡೆ ಹಳ್ಳಿಗಳಲ್ಲಿ ಯಾರಾದರೂ ಪೆನ್ಶನ್ ಬಂದರೆ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡ್ತಾರೆ, ಡೊಳ್ಳು, ಹೂವಿನ ಮಳೆ, ಕಣ್ಣು ತುಂಬಿ ಬರುತ್ತೆ. ಮರುದಿನದಿಂದ ಅವನು ಯಾರೋ. 40 ವಯಸ್ಸಿಗೆ ಕೆಲಸ ಹುಡುಕ್ತಾ ತಿರುಗ್ತಾನೆ. ಎಟಿಎಂ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರಲ್ಲಿ ಎಷ್ಟು ಜನ ಮಾಜಿ ಸೈನಿಕರು ಅಂತ ಕೇಳಿ ನೋಡಿ.

ಮಾಜಿ ಹವಾಲ್ದಾರ್, ನವಲಗುಂದ

ನಾನೂ ಎಂಟು ವರ್ಷ ಕೂತಿದ್ದೀನಿ ಆ ಕುರ್ಚಿಯಲ್ಲಿ. ಕೆಲಸದಲ್ಲಿ ಕೀಳು ಏನಿಲ್ಲ. ಆದರೆ ಬರೋರು ಹೋಗೋರು "ಏ ವಾಚ್‌ಮನ್" ಅಂದಾಗ ಮೊದಲ ತಿಂಗಳು ತಿರುಗಿ ನೋಡ್ತಾನೇ ಇರಲಿಲ್ಲ, ನನ್ನನ್ನ ಕರೀತಾ ಇದ್ದಾರೆ ಅಂತ ಗೊತ್ತಾಗ್ತಿರಲಿಲ್ಲ.

ಬ್ಯಾಡಗಿ ಮಾರ್ಕೆಟ್

ಸಂಕ್ರಾಂತಿ ಅಂದ್ರೆ ಹೇಗಿದ್ದರೂ ಎಳ್ಳು ಬೆಲ್ಲ ಹಿಡಿದು ಮನೆ ಮನೆಗೆ ಹೋಗ್ತೀವಿ. ಆ ಸುತ್ತಿನಲ್ಲಿ ಮೊದಲು ಮಿಲ್ಟ್ರಿಯವರ ಮನೆಗೆ ಹೋದರೆ ಆಯ್ತಲ್ಲ. ನಮ್ಮ ಓಣಿಯಲ್ಲಿ ಮೂರು ಮನೆ ಇವೆ.

ಕುಸುರೆಳ್ಳು, ಧಾರವಾಡ

ಎಲ್ಲರಿಗೂ ತುಂಬಾ ಧನ್ಯವಾದ. ಈಗ ತಾನೇ ಕಾಕಾ ಮನೆಯಿಂದ ಬಂದೆ. ನೀವು ಬರೆದಿದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಕಾಕು ಚಹಾ ಕೊಟ್ಟರು. ಕಾಕಾ ಎದ್ದು ಹೋಗಿ ಮಂಚದ ಕೆಳಗಿನ ಕಪ್ಪು ಟ್ರಂಕು ಎಳೆದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹೆಸರು ಬರೆದಿದೆ. ಹೆಸರಿನ ಮುಂದೆ ಮೊದಲು ಸಿಪಾಯಿ ಅಂತಿತ್ತಂತೆ. ಬಡ್ತಿ ಸಿಕ್ಕಾಗಲೆಲ್ಲ ಅದರ ಮೇಲೆ ಕಪ್ಪು ಬಳಿದು ಹೊಸದಾಗಿ ಬರೆದಿದ್ದಾರೆ. ಬೆರಳಲ್ಲಿ ಮುಟ್ಟಿದರೆ ಆ ಜಾಗ ದಪ್ಪ ಆಗಿದೆ.

ಕೊನೆ ದಿನ ಹೇಗಿತ್ತು ಅಂತ ಕೇಳಿದೆ. ರೈಫಲ್ಲನ್ನ ಆಯುಧ ಇಡೋ ಕೋಣೆ, ಕೋತ್‌ಗೆ ವಾಪಸ್ ಕೊಟ್ಟು ರಿಜಿಸ್ಟರ್‌ನಲ್ಲಿ ಸಹಿ ಮಾಡಿದರಂತೆ. ಗೇಟಿನವರೆಗೆ ನಡೆಯುವಾಗ ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ ಅಂದರು.

ಆಮೇಲೆ ಕೋಟಿನ ಜೇಬಿಂದ ನಾನು ಕೊಟ್ಟ ಪೊಟ್ಟಣ ತೆಗೆದು ತೋರಿಸಿದರು, ಖಾಲಿ. ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹಂಚಿದರಂತೆ.

ಮಾಜಿ ಹವಾಲ್ದಾರ್, ನವಲಗುಂದ

ಸಾಹೇಬರು ಯಾವ ಪಲ್ಟನ್ ಕೇಳಿ ಹೇಳು ತಂಗಿ.

ಕುಸುರೆಳ್ಳು, ಧಾರವಾಡ

ಕೇಳಿದ್ದೆ. ಮರಾಠಾ. 1979ರಲ್ಲಿ ಬೆಳಗಾವಿಯಲ್ಲಿ ಭರ್ತಿ.

ಮಾಜಿ ಹವಾಲ್ದಾರ್, ನವಲಗುಂದ

ನಾನು 1985, ಬೆಳಗಾವಿನೇ. ಆರು ವರ್ಷ ದೊಡ್ಡವರು. ರವಿವಾರ ಧಾರವಾಡಕ್ಕೆ ಬರೋದಿದೆ, ಮನೆಯಲ್ಲಿ ಇರ್ತಾರಾ ಅಂತ ಒಂದು ಮಾತು ಕೇಳಿಬಿಡು.